ಫೆಡರಲ್ ಕೋರ್ಟಿನ ಕ್ರಿಮಿನಲ್ ಲೆಕ್ಕ: ಅಮೆರಿಕಕ್ಕೆ ಹೊಸದಾಗಿ ಬಂದವರು ಓದುವ ಬಗೆ

"ಕೋರ್ಟುಗಳಲ್ಲಿ ಲಕ್ಷಾಂತರ ವಲಸೆ ಕೇಸು" ಅನ್ನೋ ಮೆಸೇಜು ವಾಟ್ಸಾಪ್‌ನಲ್ಲಿ ಬಂದರೆ ಹೊಸಬರಿಗೆ ಎದೆ ಧಸಕ್ಕೆನ್ನುತ್ತದೆ. ಮೊದಲು ಅದು ಯಾವ ಕೋರ್ಟಿನ ಲೆಕ್ಕ ಅಂತ ನೋಡಿ.

ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಕ್ರಿಮಿನಲ್ ಕೇಸು ನಡೆಯುವುದು ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ. ಡಿಸ್ಟ್ರಿಕ್ಟ್ ಕೋರ್ಟ್ ಅಂದರೆ ನಮಗೆ ಊರಿನ ಜಿಲ್ಲಾ ಕೋರ್ಟು ನೆನಪಾಗುತ್ತದೆ, ಅಲ್ವಾ? ಇಲ್ಲಿ ಹಾಗಲ್ಲ. ಇಡೀ ದೇಶಕ್ಕೆ ಫೆಡರಲ್ ಡಿಸ್ಟ್ರಿಕ್ಟುಗಳು 94. ನ್ಯೂಜೆರ್ಸಿ ಪೂರ್ತಿ ಒಂದೇ ಡಿಸ್ಟ್ರಿಕ್ಟ್, ಕ್ಯಾಲಿಫೋರ್ನಿಯಾದಲ್ಲಿ 4. ಕುಡಿದು ಕಾರು ಓಡಿಸಿದ್ದು, ಅಂಗಡಿ ಕಳ್ಳತನ, ಮನೆಯೊಳಗಿನ ಹೊಡೆದಾಟ ಸಾಮಾನ್ಯವಾಗಿ ರಾಜ್ಯದ ಕೋರ್ಟಿಗೆ ಹೋಗುತ್ತವೆ. ಫೆಡರಲ್ ಲೆಕ್ಕದಲ್ಲಿ ಅವು ಸಿಗುವುದಿಲ್ಲ. ಇಮಿಗ್ರೇಷನ್ ಕೋರ್ಟು ಇನ್ನೂ ಬೇರೆ, ಅದು ನ್ಯಾಯ ಇಲಾಖೆಯ ಕೈಕೆಳಗಿದೆ. ಲಕ್ಷಗಟ್ಟಲೆ ಬಾಕಿ ಇರುವುದು ಅಲ್ಲಿ.

ಹಾಗಿದ್ದೂ ಫೆಡರಲ್ ಕ್ರಿಮಿನಲ್ ಪಟ್ಟಿಯಲ್ಲಿ ಇಮಿಗ್ರೇಷನ್ ಅನ್ನೋ ಸಾಲು ಕಾಣುತ್ತದೆ. ಅದರಲ್ಲಿ ಹೆಚ್ಚಿನವು ಗಡೀಪಾರಾದ ಮೇಲೆ ಮತ್ತೆ ಒಳಬಂದವರ ಕೇಸುಗಳು. ಟೆಕ್ಸಾಸ್, ಅರಿಜೋನಾ ಕಡೆಯ ಮೆಕ್ಸಿಕೊ ಗಡಿಯ 5 ಡಿಸ್ಟ್ರಿಕ್ಟುಗಳಲ್ಲೇ ಇವು ಜಾಸ್ತಿ. ಅಲ್ಲಿ ಬಿಗಿ ಮಾಡಿದರೆ ಇಡೀ ದೇಶದ ಸಂಖ್ಯೆಯೇ ಏರುತ್ತದೆ. ಕೇಸುಗಳ ಸಂಖ್ಯೆ ಬೇರೆ, ಆರೋಪಿಗಳ ಸಂಖ್ಯೆ ಬೇರೆ, ಅದನ್ನೂ ಗಮನಿಸಿ. ಒಂದೇ ಕೇಸಿನಲ್ಲಿ ಹತ್ತು ಜನ ಇರಬಹುದು.

ನೀವು ನಿಜವಾಗಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಅಂಕಿ ಬೇರೆ ಇದೆ. 2022ರ ಹಣಕಾಸು ವರ್ಷದಲ್ಲಿ ಫೆಡರಲ್ ಕ್ರಿಮಿನಲ್ ಕೇಸು ಇತ್ಯರ್ಥವಾದ ಆರೋಪಿಗಳು 71,954. ಅವರಲ್ಲಿ 89.5% ಜನ ತಪ್ಪೊಪ್ಪಿಕೊಂಡರು. 8.2% ಜನರ ಕೇಸು ವಜಾ ಆಯಿತು. ವಿಚಾರಣೆ ಎದುರಿಸಿ ಖುಲಾಸೆಯಾದವರು ಬರೀ 290. ಅಂದರೆ ಹೆಚ್ಚಿನವರ ಹಣೆಬರಹ ತೀರ್ಮಾನವಾಗುವುದು ಜ್ಯೂರಿಯ (ತೀರ್ಪು ಹೇಳುವ ಸಾಮಾನ್ಯ ಜನರ ತಂಡದ) ಮುಂದಲ್ಲ, ಸರ್ಕಾರಿ ವಕೀಲರ ಜೊತೆಗಿನ ಒಪ್ಪಂದದ ಕಾಗದದಲ್ಲಿ. ವಿಚಾರಣೆಯಲ್ಲಿ ಸೋತರೆ ಶಿಕ್ಷೆ ಹೆಚ್ಚಾದೀತು ಅನ್ನೋ ಭಯಕ್ಕೇ ಎಷ್ಟೋ ಜನ ಸಹಿ ಹಾಕುತ್ತಾರೆ.

ವೀಸಾದಲ್ಲಿ ಇರುವವರಿಗೆ, ಗ್ರೀನ್ ಕಾರ್ಡ್ ಇದ್ದವರಿಗೂ, ಆ ಸಹಿ ತುಂಬಾ ಭಾರ. ವಂಚನೆ ಕೇಸಿನಲ್ಲಿ ನಷ್ಟ 10,000 ಡಾಲರ್ ದಾಟಿದ್ದರೆ, ಒಂದು ದಿನವೂ ಜೈಲಿಗೆ ಹೋಗದಿದ್ದರೂ ಗಡೀಪಾರಾಗಬಹುದು. ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯ ಇದೆ ಅಂತ ನಿಮ್ಮ ವಕೀಲರು ಮೊದಲೇ ಹೇಳಲೇಬೇಕು. 2010ರಲ್ಲಿ ಪಡಿಯಾ (Padilla) ಅನ್ನೋರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಅವರು ಹೇಳದಿದ್ದರೆ ನೀವೇ ಕೇಳಿ. ಸುಮ್ನೆ ತಲೆಯಾಡಿಸಬೇಡಿ, ದಯವಿಟ್ಟು.

ದುಡ್ಡಿಲ್ಲದಿದ್ದರೆ ಫೆಡರಲ್ ಕ್ರಿಮಿನಲ್ ಕೇಸಿಗೆ ಕೋರ್ಟೇ ವಕೀಲರನ್ನು ಕೊಡುತ್ತದೆ, ನೀವು ಇಲ್ಲಿನ ಪ್ರಜೆ ಆಗಿರಬೇಕಿಲ್ಲ. ಇಮಿಗ್ರೇಷನ್ ಕೋರ್ಟಿನಲ್ಲಿ ಆ ಅನುಕೂಲ ಸಾಮಾನ್ಯವಾಗಿ ಇಲ್ಲ. ಹಾಗಾಗಿ ಕ್ರಿಮಿನಲ್ ಕೇಸು ನಡೆಯುವಾಗಲೇ ಇಮಿಗ್ರೇಷನ್ ವಕೀಲರನ್ನೂ ಹುಡುಕಿಕೊಳ್ಳಿ. ಊರಿಂದ ಬಂದ ಅಪ್ಪ ಅಮ್ಮ ಫೆಡರಲ್ ಕ್ರಿಮಿನಲ್ ಕೇಸಿನಲ್ಲಿ ಆರೋಪಿಯೋ ಸಾಕ್ಷಿಯೋ ಆಗಿದ್ದು, ಅವರಿಗೆ ಇಂಗ್ಲಿಷ್ ಅರ್ಥವಾಗದಿದ್ದರೆ ಕನ್ನಡದ ದುಭಾಷಿ ಬೇಕು ಅಂತ ಕೋರ್ಟನ್ನು ಕೇಳಿ. 1978ರಿಂದ ಅದಕ್ಕೆ ಕಾನೂನು ಇದೆ.