ಆಮ್ಲಜನಕವಿಲ್ಲದ ಕಿಡ್ನಿ ಕೋಶಗಳಿಗೆ ಈರುಳ್ಳಿಯ ಕ್ವೆರ್ಸೆಟಿನ್: ನನ್ನ ಅನುಭವ

ಹೃದಯದ ಶಸ್ತ್ರಚಿಕಿತ್ಸೆಯಲ್ಲಾಗಲಿ, ಕಿಡ್ನಿ ಕಸಿಯಲ್ಲಾಗಲಿ, ಮೂತ್ರಪಿಂಡಕ್ಕೆ ರಕ್ತ ಯಾವಾಗ ಕಡಿಮೆಯಾಗುತ್ತದೆ ಎಂಬುದು ವೈದ್ಯರಿಗೆ ಮೊದಲೇ ಗೊತ್ತಿರುತ್ತದೆ. ಹಾಗಾದರೆ ಆ ಹೊತ್ತಿಗೆ ಮುಂಚೆಯೇ ಕೋಶಗಳನ್ನು ಸಜ್ಜುಗೊಳಿಸಬಲ್ಲ ಸಸ್ಯಜನ್ಯ ವಸ್ತುವೊಂದು ಇದ್ದೀತೇ ಎಂಬ ಪ್ರಶ್ನೆಯಿಟ್ಟುಕೊಂಡು ನಾನು ಔಷಧಶಾಸ್ತ್ರದ ಸಂಶೋಧನೆ ಆರಂಭಿಸಿದೆ. ಆರಿಸಿಕೊಂಡದ್ದು ಈರುಳ್ಳಿಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ ಹೇರಳವಾಗಿರುವ ಕ್ವೆರ್ಸೆಟಿನ್. ಕೋಶಗಳು ಎಚ್‌ಕೆ-2 ಎಂಬ ತಳಿಯವು. ಮನುಷ್ಯನ ಮೂತ್ರಪಿಂಡದಲ್ಲಿ ಸೋಸಿದ ದ್ರವ ಮೊದಲು ಹಾಯುವ 'ಸಮೀಪ ನಳಿಕೆ'ಯಿಂದ ಪಡೆದ ಈ ಕೋಶಗಳಿಗೆ ಪ್ಯಾಪಿಲೋಮಾ ವೈರಸ್‌ನ ಜೀನ್‌ಗಳನ್ನು ಸೇರಿಸಿ, ಅವು ಪ್ರಯೋಗಾಲಯದಲ್ಲಿ ಸದಾ ಬೆಳೆಯುವಂತೆ ಮಾಡಲಾಗಿದೆ. ರಕ್ತದ ಕೊರತೆಗೆ ಮೊದಲು ಬಲಿಯಾಗುವುದು ಇದೇ ನಳಿಕೆಯ ಕೊನೆಯ ಭಾಗ. ಹೃದಯ ಹೊರಹಾಕುವ ರಕ್ತದ ಸುಮಾರು ಐದನೇ ಒಂದು ಭಾಗ ಮೂತ್ರಪಿಂಡಗಳಿಗೆ ಬರುತ್ತದೆಯಾದರೂ, ಒಳಪದರಕ್ಕೆ ತಲುಪುವ ಆಮ್ಲಜನಕ ಎಂದಿಗೂ ಅಷ್ಟಕ್ಕಷ್ಟೇ.

ಕೋಶ ಬೆಳೆಸುವ ಪ್ಲೇಟಿನಲ್ಲಿ ರಕ್ತದ ಕೊರತೆಯನ್ನು ಅನುಕರಿಸುವುದೇ ಮೊದಲ ತೊಡಕಾಯಿತು. ಗಾಳಿ ನುಸುಳದ ಪೆಟ್ಟಿಗೆಯೊಂದರಲ್ಲಿ ಪ್ಲೇಟನ್ನಿಟ್ಟು, ನೂರಕ್ಕೆ 95ರಷ್ಟು ಸಾರಜನಕ ಮತ್ತು 5ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಅನಿಲ ಹಾಯಿಸಿ ಮುಚ್ಚಿದೆ. ಮರುದಿನ ನೋಡಿದರೆ ಕೋಶಗಳು ಏನೂ ಆಗದವರಂತೆ ಹಾಸಿಕೊಂಡು ಕುಳಿತಿದ್ದವು. ಕಾರಣಗಳು ಎರಡು. ಮಾಧ್ಯಮದಲ್ಲಿ, ಅಂದರೆ ಕೋಶಗಳು ಮುಳುಗಿರುವ ಪೋಷಕ ದ್ರವದಲ್ಲಿ, ಕರಗಿದ್ದ ಆಮ್ಲಜನಕ ಹೊರಹೋಗಲು ಗಂಟೆಗಟ್ಟಲೆ ಬೇಕು, ಪ್ಲೇಟಿನ ಪ್ಲಾಸ್ಟಿಕ್ ಕೂಡ ಸ್ವಲ್ಪ ಹಿಡಿದಿಟ್ಟುಕೊಂಡಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಂತಹ ತಳಿಕೋಶಗಳು ಗ್ಲೂಕೋಸ್ ಒಂದಿದ್ದರೆ ಆಮ್ಲಜನಕವಿಲ್ಲದೆಯೂ ಬಹಳ ಹೊತ್ತು ಬದುಕಬಲ್ಲವು, ದೇಹದೊಳಗಿನ ನಳಿಕೆಯ ಕೋಶಕ್ಕೆ ಆ ಸೌಲಭ್ಯವಿಲ್ಲ. ಗ್ಲೂಕೋಸ್ ಮತ್ತು ಸೀರಮ್ ಎರಡೂ ಇಲ್ಲದ ಮಾಧ್ಯಮವನ್ನು ಮುಂಚಿತವಾಗಿ ಅದೇ ಅನಿಲದಲ್ಲಿ ಇರಿಸಿ ಬಳಸಿದ ಮೇಲೆ ಹಾನಿ ಕಾಣಿಸತೊಡಗಿತು. ನಂತರ ಬೆಚ್ಚಗಿನ ಪೂರ್ಣ ಮಾಧ್ಯಮ ಹಾಕಿ ಸಾಮಾನ್ಯ ಇನ್‌ಕ್ಯುಬೇಟರಿಗೆ ಮರಳಿಸುತ್ತಿದ್ದೆ. ಇದು ರಕ್ತ ಮರಳಿದಂತೆ. ಆಮ್ಲಜನಕ ಮರಳಿದೊಡನೆ ಮೈಟೋಕಾಂಡ್ರಿಯಾದಿಂದ ಕೋಶಕ್ಕೆ ಹಾನಿ ಮಾಡುವ ಚಟುವಟಿಕೆಯ ಆಮ್ಲಜನಕ ಕಣಗಳು ಒಮ್ಮೆಗೇ ಉಕ್ಕುವುದರಿಂದ, ಉಪವಾಸಕ್ಕೆ ತಡೆದುಕೊಂಡ ಕೋಶಗಳಲ್ಲಿ ಕೆಲವು ಈ ಹಂತದಲ್ಲಿ ಸಾಯುತ್ತವೆ.

ಮೊದಲ ಫಲಿತಾಂಶ ಅದ್ಭುತವಾಗಿತ್ತು, ಅದೇ ನನ್ನನ್ನು ಹೆದರಿಸಿತು. ಬದುಕಿರುವ ಕೋಶಗಳನ್ನು ಅಳೆಯಲು ನಾನು ಎಂಟಿಟಿ ಪರೀಕ್ಷೆ ಮಾಡುತ್ತಿದ್ದೆ: ಹಳದಿ ಬಣ್ಣದ ಈ ವಸ್ತುವನ್ನು ಬದುಕಿರುವ ಕೋಶ ನೇರಳೆಗೆ ತಿರುಗಿಸುತ್ತದೆ, ಬಣ್ಣ ಗಾಢವಾದಷ್ಟೂ ಕೋಶಗಳು ಹೆಚ್ಚು ಎಂದರ್ಥ. ಪ್ಲೇಟಿನಲ್ಲಿ ಕ್ವೆರ್ಸೆಟಿನ್ ಹಾಕಿದ ಗುಳಿಗಳು, ಆಮ್ಲಜನಕದ ಕೊರತೆಯನ್ನೇ ಕಾಣದ ಆರೋಗ್ಯವಂತ ಗುಳಿಗಳಿಗಿಂತಲೂ ಗಾಢ ನೇರಳೆಯಾಗಿದ್ದವು. ಪೆಟ್ಟು ತಿಂದವರು ಪೆಟ್ಟು ತಿನ್ನದವರಿಗಿಂತ ಗಟ್ಟಿಯಾಗಿರುವುದು ಹೇಗೆ? ಮಾರ್ಗದರ್ಶಕರು ಗ್ರಾಫ್ ನೋಡಿ, "ಒಂದು ಸಲ ಕೋಶವೇ ಇಲ್ಲದೆ ಮಾಡಿ ನೋಡಮ್ಮ" ಎಂದಷ್ಟೇ ಹೇಳಿದರು. ಕೋಶಗಳಿಲ್ಲದ ಪ್ಲೇಟಿನಲ್ಲಿ ಮಾಧ್ಯಮ, ಕ್ವೆರ್ಸೆಟಿನ್, ಎಂಟಿಟಿ ಮೂರನ್ನೇ ಹಾಕಿ ಕಾಯ್ದೆ. ಅದೂ ನೇರಳೆಯಾಯಿತು! ಕ್ವೆರ್ಸೆಟಿನ್ ಸ್ವತಃ ಎಂಟಿಟಿಯನ್ನು ಅಪಕರ್ಷಿಸುತ್ತದೆ, ಅಂದರೆ ಎಲೆಕ್ಟ್ರಾನ್ ಕೊಟ್ಟು ನೇರಳೆಗೆ ತಿರುಗಿಸುತ್ತದೆ. ಯಾವ ಕೋಶವೂ ಬದುಕಬೇಕಾದ ಅಗತ್ಯವಿಲ್ಲ. ಎಂಟು ತಿಂಗಳ ಗ್ರಾಫ್‌ಗಳನ್ನು ಅಂದು ಸಂಜೆ ಪಕ್ಕಕ್ಕಿಟ್ಟೆ.

ಆಮೇಲೆ ಎಂಟಿಟಿ ಹಾಕುವ ಮುನ್ನ ಕೋಶಗಳನ್ನು ಎರಡು ಸಲ ತೊಳೆಯಲು ಶುರುಮಾಡಿದೆ, ಜೊತೆಗೆ ಒಡೆದ ಕೋಶಗಳಿಂದ ಸೋರುವ ಎಲ್‌ಡಿಎಚ್ ಕಿಣ್ವವನ್ನು ಅಳೆದೆ, ಸತ್ತ ಕೋಶಗಳಿಗೆ ಮಾತ್ರ ಹಿಡಿಯುವ ಟ್ರಿಪಾನ್ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಎಣಿಸಿದೆ. ರಕ್ಷಣೆ ಬಹಳಷ್ಟು ಕುಗ್ಗಿತು, ಆದರೆ ಮಾಯವಾಗಲಿಲ್ಲ: ಕೊರತೆಗೆ ಹಿಂದಿನ ರಾತ್ರಿಯೇ ಕ್ವೆರ್ಸೆಟಿನ್ ಕೊಟ್ಟ ಕೋಶಗಳಲ್ಲಿ ಎಲ್‌ಡಿಎಚ್ ಸೋರಿಕೆ ಪ್ರತಿ ಬಾರಿಯೂ ಕಡಿಮೆಯಿತ್ತು, ಆಮ್ಲಜನಕ ಮರಳಿದ ಮೇಲೆ ಕೊಟ್ಟರೆ ಹೆಚ್ಚುಕಡಿಮೆ ಏನೂ ಆಗಲಿಲ್ಲ. ಕ್ವೆರ್ಸೆಟಿನ್ ಚಟುವಟಿಕೆಯ ಕಣಗಳನ್ನು ತಾನೇ ಹಿಡಿದು ನುಂಗುವುದಷ್ಟೇ ಆಗಿದ್ದರೆ ಎರಡನೆಯದೂ ಕೆಲಸ ಮಾಡಬೇಕಿತ್ತು. ಆದ್ದರಿಂದ, ಕೀಪ್1 ಪ್ರೋಟೀನಿನ ಹಿಡಿತದಿಂದ, ರಕ್ಷಣಾ ಜೀನ್‌ಗಳನ್ನು ಚಾಲನೆಗೊಳಿಸುವ ಪ್ರೋಟೀನಾದ ಎನ್ಆರ್‌ಎಫ್2 ಬಿಡುಗಡೆಯಾಗಿ ಕೋಶದ ಸ್ವಂತ ರಕ್ಷಣಾ ಕಿಣ್ವಗಳನ್ನು ತಯಾರಿಸಲು ಬೇಕಾದ ಕಾಲಾವಕಾಶವೇ ಇಲ್ಲಿ ಮುಖ್ಯ ಎಂಬ ನಿಲುವಿಗೆ ನಾನು ಬಂದಿದ್ದೇನೆ.

ಇದರಲ್ಲೂ ಒಂದು ಗಂಟಿದೆ. ಕ್ವೆರ್ಸೆಟಿನ್‌ನಂತಹ ಸಸ್ಯಜನ್ಯ ಪಾಲಿಫಿನಾಲ್‌ಗಳು ಮಾಧ್ಯಮದಲ್ಲಿ ತಾವೇ ಉತ್ಕರ್ಷಣಗೊಂಡು ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತವೆ, ಆ ಸಣ್ಣ ಕಿರುಕುಳವೇ ಕೋಶವನ್ನು ಎಚ್ಚರಿಸುತ್ತಿರಲೂಬಹುದು. ಪೈರುವೇಟ್ ಇರುವ ಮಾಧ್ಯಮ ಪೆರಾಕ್ಸೈಡನ್ನು ನುಂಗಿಹಾಕುವುದರಿಂದ, ಬಾಟಲಿಯ ಚೀಟಿಯಲ್ಲಿರುವ ಈ ಒಂದು ಪದದ ಮೇಲೆ ಫಲಿತಾಂಶ ಬದಲಾಗಬಲ್ಲದು. ಈಗ ನನ್ನ ಪ್ರತಿ ಪ್ರಯೋಗದಲ್ಲೂ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವ ಹಾಕಿದ ಒಂದು ಸಾಲು ಇರುತ್ತದೆ.

ಊರಿಗೆ ಹೋದಾಗ ದೊಡ್ಡಪ್ಪ, "ನಿನ್ನ ಓದಿನ ಪ್ರಕಾರ ಅರಿಶಿನ ಕುಡಿದರೆ ಕಿಡ್ನಿ ಉಳಿಯುತ್ತದೇನು?" ಎಂದು ಕೇಳಿದರು. ಅವರಿಗೆ ಕೆನಡಾದ 10 ಆಸ್ಪತ್ರೆಗಳ ಪ್ರಯೋಗದ ಕಥೆ ಹೇಳಿದೆ: ಉದರದ ಮಹಾಪಧಮನಿಯ ಶಸ್ತ್ರಚಿಕಿತ್ಸೆಗೆ ಒಳಗಾದ 606 ಜನರಲ್ಲಿ ಕೆಲವರಿಗೆ ಅರಿಶಿನದಲ್ಲಿರುವ ಕರ್ಕ್ಯುಮಿನ್, ಉಳಿದವರಿಗೆ ಹುಸಿಗುಳಿಗೆ ಕೊಟ್ಟು ನೋಡಿ 2018ರಲ್ಲಿ ಪ್ರಕಟಿಸಿದಾಗ, ಹಠಾತ್ ಮೂತ್ರಪಿಂಡ ಹಾನಿ ಕರ್ಕ್ಯುಮಿನ್ ಪಡೆದವರಲ್ಲೇ ಹೆಚ್ಚು ಕಂಡಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಅದೇ ವಸ್ತು ಚೆನ್ನಾಗಿ ಕೆಲಸ ಮಾಡಿತ್ತು. ದೊಡ್ಡಪ್ಪನಿಗೆ ಸಮಾಧಾನವಾದಂತೆ ಕಾಣಲಿಲ್ಲ.

ನನ್ನ ಪ್ಲೇಟಿನಲ್ಲಿ ಬಳಸಿದ್ದು 20 ಮೈಕ್ರೊಮೋಲಾರ್ ಸಾಂದ್ರತೆಯ ಕ್ವೆರ್ಸೆಟಿನ್. ಈರುಳ್ಳಿ ತಿಂದವರ ರಕ್ತದಲ್ಲಿ ಕ್ವೆರ್ಸೆಟಿನ್ ಅದರ ಹತ್ತಿರಕ್ಕೂ ಏರುವುದಿಲ್ಲ, ಇರುವ ಅಲ್ಪವೂ ಕರುಳು ಮತ್ತು ಯಕೃತ್ತಿನಲ್ಲಿ ರೂಪಾಂತರಗೊಂಡು ಬಹುತೇಕ ಗ್ಲೂಕುರೋನೈಡ್, ಸಲ್ಫೇಟ್ ರೂಪದಲ್ಲಿರುತ್ತದೆ. ಹಾಗಾಗಿ ಈ ವರ್ಷ ಕ್ವೆರ್ಸೆಟಿನ್ ಗ್ಲೂಕುರೋನೈಡನ್ನೇ ತರಿಸಿ ಕಡಿಮೆ ಸಾಂದ್ರತೆಯಲ್ಲಿ ಪರೀಕ್ಷಿಸುತ್ತಿದ್ದೇನೆ. ಕೆಲವೇ ಮಿಲಿಗ್ರಾಂ ಇರುವ ಆ ಪುಟ್ಟ ಶೀಶೆಯ ಬೆಲೆ ನೋಡಿ ಲೆಕ್ಕಪತ್ರ ವಿಭಾಗದವರು ಎರಡು ಬಾರಿ ಫೋನ್ ಮಾಡಿದರು. ಇದುವರೆಗಿನ ಎರಡು ಪ್ಲೇಟುಗಳಲ್ಲಿ ಎಲ್‌ಡಿಎಚ್ ಸೋರಿಕೆ ತುಸುವೇ ಇಳಿದಿದೆ, ಮೂರನೆಯ ಪ್ಲೇಟಿನ ಕೋಶಗಳು ಇನ್‌ಕ್ಯುಬೇಟರಿನಲ್ಲಿವೆ.