ಉರಿಮೂತ್ರದ ಹಿಂದಿನ ಬ್ಯಾಕ್ಟೀರಿಯಾ: ಲ್ಯಾಬಿನಲ್ಲಿ ಪತ್ತೆ ಹೇಗೆ?

‘ಏನಮ್ಮಾ, ಒಂದು ಡಬ್ಬಿ ಮೂತ್ರ ನೋಡೋಕೆ ಮೂರು ದಿನಾನಾ?’

ನಾಪೋಕ್ಲು ಕಡೆಯಿಂದ ಬಸ್ಸು ಹಿಡಿದು ಮಡಿಕೇರಿಗೆ ಬಂದಿದ್ದ ಹಿರಿಯರೊಬ್ಬರು ಲ್ಯಾಬಿನ ಕಿಟಕಿಯಲ್ಲಿ ಕೇಳಿದ್ದರು. ಹೆಂಡತಿಗೆ ಉರಿಮೂತ್ರ. ಬೆಳಿಗ್ಗೆ ಆರಕ್ಕೆ ಹಿಡಿದ ಡಬ್ಬಿ ಹತ್ತೂವರೆಯವರೆಗೂ ಅವರ ಸ್ವೆಟರಿನೊಳಗೆ ಬೆಚ್ಚಗೆ ಕೂತಿತ್ತು. ನನ್ನ ತಕರಾರು ಶುರುವಾದದ್ದೇ ಅಲ್ಲಿಂದ.

ಇ.ಕೊಲೈಯಂಥ ಬ್ಯಾಕ್ಟೀರಿಯಾ ಬೆಚ್ಚನೆಯ ಜಾಗ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಹಾಗಾಗಿ ಮೂತ್ರ 2 ಗಂಟೆಯೊಳಗೆ ಲ್ಯಾಬ್ ಸೇರಬೇಕು, ಇಲ್ಲವೇ ಫ್ರಿಜ್ಜಿನಲ್ಲಿರಬೇಕು. ತೊಳೆದುಕೊಂಡು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಲ್ಯಾಬ್ ಕೊಟ್ಟ ಡಬ್ಬಿಯಲ್ಲೇ ಹಿಡಿಯಿರಿ. ಉಪ್ಪಿನಕಾಯಿ ಬಾಟಲಿಯನ್ನು ಎಷ್ಟು ತಿಕ್ಕಿದರೂ ಬೇಡ. ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ನುಂಗಿದ್ದರೆ ಮುಚ್ಚಿಡದೆ ಹೇಳಿ. ಮರುದಿನ ಆ ಹಿರಿಯರು ಮೀನಿನ ಥರ್ಮಾಕೋಲ್ ಪೆಟ್ಟಿಗೆಗೆ ಐಸ್ ತುಂಬಿ ಹೊಸ ಡಬ್ಬಿ ತಂದರು. ವಾಸನೆ ಇತ್ತು, ಆದರೆ ಡಬ್ಬಿ ತಣ್ಣಗಿತ್ತು!

ಮೊದಲ ದಿನದ ಕೆಲಸ ಬಿತ್ತನೆ. 0.001 ಮಿಲಿಲೀಟರ್ ಹಿಡಿಯುವ ಲೂಪಿನಿಂದ (ತುದಿಯಲ್ಲಿ ಕುಣಿಕೆಯಿರುವ ಕಡ್ಡಿ) ಮೂತ್ರವನ್ನು ಬ್ಯಾಕ್ಟೀರಿಯಾ ಬೆಳೆಸುವ ಬ್ಲಡ್ ಅಗರ್, ಮ್ಯಾಕಾಂಕಿ ಅಗರ್ ಪ್ಲೇಟ್‌ಗಳ ಮೇಲೆ ಗೀರುತ್ತೇವೆ. ಅಗರ್ ಎಂದರೆ ಮನೆಯಲ್ಲಿ ಪುಡಿಂಗ್‌ಗೆ ಹಾಕುವ ಚೈನಾಗ್ರಾಸೇ. ಅದನ್ನು ಲ್ಯಾಬಿಗೆ ಸೂಚಿಸಿದ್ದೂ ಅಡುಗೆಮನೆ ಬಲ್ಲ, ವಿಜ್ಞಾನಿ ವಾಲ್ಟರ್ ಹೆಸ್ಸೆಯ ಪತ್ನಿ ಫ್ಯಾನಿ ಹೆಸ್ಸೆ, 1881ರಲ್ಲಿ. ಪ್ಲೇಟ್‌ಗಳನ್ನು ಬೋರಲಾಗಿಸಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುತ್ತೇವೆ. ಕಕ್ಕಡದ ಮಳೆಯಲ್ಲಿ ಬೆಲ್ಟು, ಚಪ್ಪಲಿಗೇ ಬೂಷ್ಟು ಹಿಡಿಯುವ ಊರಿದು. ಹೊಸದಾಗಿ ಹುಯ್ದ ಪ್ಲೇಟ್‌ಗಳಲ್ಲಿ ಒಂದೆರಡನ್ನು ಖಾಲಿಯೇ ಬೆಚ್ಚಗಿಟ್ಟು ನೋಡದೆ ಉಳಿದವನ್ನು ನಾನು ಮುಟ್ಟುವುದಿಲ್ಲ.

ಎರಡನೇ ದಿನ ಎಣಿಕೆ. ನೂರು ಕಾಲೊನಿ (ಬ್ಯಾಕ್ಟೀರಿಯಾ ಬೆಳೆದು ಕಾಣುವ ಚುಕ್ಕೆ) ಎದ್ದಿದ್ದರೆ ಮಿಲಿಲೀಟರಿಗೆ ಒಂದು ಲಕ್ಷ. ಒಂದೇ ಬಗೆಯದು ಅಷ್ಟಿದ್ದರೆ ಸಾಮಾನ್ಯವಾಗಿ ಸೋಂಕೆಂದೇ ಲೆಕ್ಕ. ಮ್ಯಾಕಾಂಕಿಯಲ್ಲಿ ಗುಲಾಬಿ ಬಣ್ಣ ಬಂದರೆ ಅದು ಲ್ಯಾಕ್ಟೋಸ್ ಸಕ್ಕರೆ ತಿನ್ನುವ ಜಾತಿ.

ಆಮೇಲೆ ಬ್ಯಾಕ್ಟೀರಿಯಾವನ್ನು ಬಣ್ಣದಿಂದ ಎರಡು ಗುಂಪು ಮಾಡುವ ಗ್ರಾಂ ಸ್ಟೇನ್: ನೇರಳೆ ಉಳಿದರೆ ಪಾಸಿಟಿವ್, ಗುಲಾಬಿಯಾದರೆ ನೆಗೆಟಿವ್. 1884ರ ಈ ವಿಧಾನಕ್ಕೆ ಕೈ ಪಳಗಲೇಬೇಕು. ಕಾಲೊನಿಯ ಚೂರನ್ನು ಹನಿ ನೀರಿನಲ್ಲಿ ಸ್ಲೈಡಿಗೆ ತೆಳ್ಳಗೆ ಸವರಿ, ಒಣಗಿಸಿ (ಮಳೆಗಾಲದಲ್ಲಿ ಇದೇ ಒಂದು ಯುಗ), ಜ್ವಾಲೆಗೆ ಎರಡು ಮೂರು ಸಲ ತೋರಿಸಬೇಕು. ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ. ಮುಂದೆ ಆಲ್ಕೋಹಾಲ್: ನೇರಳೆ ಇಳಿಯುವುದು ನಿಂತ ಕೂಡಲೇ ನೀರು ಬಿಡಬೇಕು. ಕೆಲವೇ ಸೆಕೆಂಡಿನ ಆಟ. ತಡವಾದರೆ ದಪ್ಪ ಗೋಡೆಯ ಬ್ಯಾಕ್ಟೀರಿಯಾದಿಂದಲೂ ಬಣ್ಣ ಹೋಗಿ ಪಾಸಿಟಿವ್ ಇದ್ದದ್ದು ನೆಗೆಟಿವ್ ಎನಿಸುತ್ತದೆ. ನನ್ನ ಮೊದಲ ವರ್ಷದ ಸ್ಲೈಡ್‌ಗಳೆಲ್ಲ ಗುಲಾಬಿಯೇ! ಕೊನೆಗೆ ಸ್ಯಾಫ್ರನಿನ್ ಎಂಬ ಗುಲಾಬಿ ಬಣ್ಣ. ಎಣ್ಣೆ ಹಾಕಿ ಸೂಕ್ಷ್ಮದರ್ಶಕದಲ್ಲಿ ಸಾವಿರ ಪಟ್ಟು ಹಿಗ್ಗಿಸಿದಾಗ ಆ ಅಮ್ಮನ ಸ್ಲೈಡಿನಲ್ಲಿ ಗುಲಾಬಿ ಕಡ್ಡಿಗಳು ಕಂಡವು. ನೇರಳೆ ದ್ರಾಕ್ಷಿಗೊಂಚಲು ಕಂಡಿದ್ದರೆ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾದ ದಾರಿ ಹಿಡಿದು ಕ್ಯಾಟಲೇಸ್, ಕೊಯಾಗುಲೇಸ್ ಪರೀಕ್ಷೆ ಮಾಡಿ ನೋಡುತ್ತಿದ್ದೆ.

ಅದೇ ಸಂಜೆ ಜಾತಿ ಗುರುತಿಸಲು ಇಂಡೋಲ್, ಸಿಟ್ರೇಟ್ ಪರೀಕ್ಷೆಯ ಟ್ಯೂಬುಗಳಿಗೆ ಬಿತ್ತಿ, ಯಾವ ಮದ್ದು ನಾಟುತ್ತದೆಂದು ನೋಡಲು ಮುಲ್ಲರ್ ಹಿಂಟನ್ ಎಂಬ ಇನ್ನೊಂದು ಅಗರ್ ಪ್ಲೇಟಿಗೂ ಬಿತ್ತಿ ಅದರ ಮೇಲೆ ಆ್ಯಂಟಿಬಯೋಟಿಕ್ ಬಿಲ್ಲೆಗಳನ್ನಿಟ್ಟೆ.

ಮೂರನೇ ಬೆಳಿಗ್ಗೆ ಕೊವಾಕ್ಸ್ ದ್ರಾವಣದ ಹನಿಗೆ ಇಂಡೋಲ್ ಟ್ಯೂಬಿನಲ್ಲಿ ಕೆಂಪು ಉಂಗುರ ಎದ್ದಿತು, ಸಿಟ್ರೇಟ್ ಹಸಿರಾಗಿಯೇ ಉಳಿಯಿತು. ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು: ಇ.ಕೊಲೈ. ಕ್ಲೆಬ್ಸಿಯೆಲ್ಲಾ ನ್ಯುಮೋನಿಯೆ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆಗಿದ್ದರೆ ಸಿಟ್ರೇಟ್ ನೀಲಿಗೆ ತಿರುಗುತ್ತಿತ್ತು. ಬಿಲ್ಲೆಗಳ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆದು ಕೋಷ್ಟಕಕ್ಕೆ ಹೋಲಿಸಿದೆ. ಹಿರಿಯರು ಕಿಟಕಿಯಲ್ಲಿ ಇಣುಕಿ, ‘ದೊಡ್ಡ ವೃತ್ತದ್ದೇ ಒಳ್ಳೆ ಮದ್ದಲ್ಲವಾ?’ ಎಂದರು. ಅಲ್ಲ, ಒಂದೊಂದು ಔಷಧಕ್ಕೆ ಒಂದೊಂದು ಅಳತೆ. ಆಯ್ಕೆ ಡಾಕ್ಟರದ್ದು ಎಂದು ವರದಿಯನ್ನು ಅವರ ಕೈಗಿತ್ತೆ.