ಮೂರ್ತಿಯ ಹಿಂಬದಿ ನೋಡಿದ ಮೇಲೆ

ನಾನು ಹಾಸನದವಳು. ಲಿನೋ ಅನ್ನುವ ಮೆತ್ತನೆಯ ಹಾಳೆಯನ್ನು ಉಳಿಯಿಂದ ಕೆತ್ತಿ, ಇಂಕು ಹಚ್ಚಿ, ಕಾಗದದ ಮೇಲೆ ಅಚ್ಚು ತೆಗೆಯುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ಅದರಲ್ಲಿ ಮೊದಲ ನಾಲ್ಕು ವರ್ಷದ ಅಚ್ಚುಗಳನ್ನು ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ.

ಆಗ ನಾನು ಮಾಡುತ್ತಿದ್ದದ್ದು ಬರೀ ಮದನಿಕೆಯರನ್ನು, ಅಂದರೆ ದೇವಸ್ಥಾನದ ಸೂರಿನ ಕೆಳಗಿನ ಹೆಣ್ಣುಮೂರ್ತಿಗಳನ್ನು. ಬೇಲೂರಿಗೆ ಹೋಗಿ ಫೋಟೋ ತೆಗೆಯುವುದು, ಮನೆಗೆ ಬಂದು ಒಂದು ಗೆರೆಯೂ ಬಿಡದೆ ಲಿನೋ ಮೇಲೆ ಇಳಿಸುವುದು. ಕನ್ನಡಿ ಹಿಡಿದ ದರ್ಪಣ ಸುಂದರಿಯನ್ನು ಮಾಡಲು ಎರಡು ತಿಂಗಳು ಹಿಡಿಯಿತು. ಜನ ಮೆಚ್ಚಿದರು, ಒಂದಷ್ಟು ಮಾರಾಟವೂ ಆಯಿತು. ಒಂದು ಪ್ರದರ್ಶನದಲ್ಲಿ ಹಿರಿಯ ಕಲಾವಿದರೊಬ್ಬರು ಅದರ ಮುಂದೆ ತುಂಬಾ ಹೊತ್ತು ನಿಂತರು. ಆಮೇಲೆ, "ಚೆನ್ನಾಗಿದೆ ಕಣಮ್ಮ. ಆದ್ರೆ ಇದು ಬೇಲೂರಲ್ಲೇ ಇದೆಯಲ್ಲ, ನೀನ್ಯಾಕೆ ಇನ್ನೊಂದ್ಸಲ ಮಾಡಿದೆ?" ಅಂದರು. ಗದರಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವರ್ಷ ಮತ್ತೆ ಉಳಿ ಹಿಡಿಯಲಿಲ್ಲ.

ಉತ್ತರ ಸಿಕ್ಕಿದ್ದು ಹಳೇಬೀಡಿನ ಮ್ಯೂಸಿಯಂನಲ್ಲಿ. ಹೊಯ್ಸಳೇಶ್ವರ ದೇವಸ್ಥಾನದ ಆವರಣದಲ್ಲೇ ಇರುವ ಪುರಾತತ್ವ ಇಲಾಖೆಯ ಮ್ಯೂಸಿಯಂ ಅದು. ನೋಡಲು ಬರುವವರಲ್ಲಿ ಜಾಸ್ತಿ ಜನ ದೇವಸ್ಥಾನ ಸುತ್ತಿ ಹೊರಟುಬಿಡುತ್ತಾರೆ. ನಾನೂ ಅಷ್ಟು ವರ್ಷ ಹಾಗೇ ಮಾಡಿದ್ದೆ. ಒಂದು ಆಗಸ್ಟ್ ಮಧ್ಯಾಹ್ನ ಮಳೆ ನಿಂತ ಮೇಲೆ ಬಸ್ಸಿಗೆ ಇನ್ನೂ ಹೊತ್ತಿತ್ತು, ಸುಮ್ನೆ ಆ ಕಡೆ ಹೋದೆ. ತಲೆಯಿಲ್ಲದ, ಎರಡೂ ಕೈ ಮುರಿದ ಒಂದು ಮೂರ್ತಿ ಹೊರಗೆ ನಿಂತಿತ್ತು. ಮುಂದೆ ನೋಡಲು ಹೆಚ್ಚೇನೂ ಉಳಿದಿರಲಿಲ್ಲ. ಹಾಗಾಗಿ ಹಿಂದಕ್ಕೆ ಹೋದೆ.

ಹಿಂದೆ ಒಡವೆಯಿಲ್ಲ, ಸೆರಗಿನ ಮಡಿಕೆಯಿಲ್ಲ, ನುಣುಪು ಮೊದಲೇ ಇಲ್ಲ. ಕಲ್ಲಿನ ತುಂಬಾ ಉಳಿಯ ಗುರುತು. ಓರೆಯಾಗಿ, ಒಂದರ ಪಕ್ಕ ಒಂದು, ಉತ್ತ ಹೊಲದ ಸಾಲಿನ ಹಾಗೆ. ಮಳೆನೀರು ಆ ಗೀರುಗಳಲ್ಲಿ ನಿಂತು ಒಂದೊಂದೂ ಬೇರೆಯಾಗಿ ಕಾಣುತ್ತಿತ್ತು. ಒಂದು ಜಾಗದಲ್ಲಿ ಸಾಲಿನ ದಿಕ್ಕು ಬದಲಾಗಿತ್ತು. ಕೆತ್ತುವವನು ಅಲ್ಲಿ ಎದ್ದು ಈ ಕಡೆ ಬಂದು ಕೂತಿದ್ದಾನೆ! ಯಾವ ಪುಸ್ತಕದಲ್ಲೂ ಅದನ್ನು ಓದಿರಲಿಲ್ಲ. ನನ್ನ ಕೈಗೆ ಗೊತ್ತಾಯಿತು, ಯಾಕೆಂದರೆ ನಾನೂ ದಿನಾ ಹಾಗೇ ಲಿನೋ ತಿರುಗಿಸಿಕೊಂಡು ಕೂರುತ್ತೇನೆ.

ದೇವಸ್ಥಾನದಲ್ಲಿ ಇದು ಕಾಣುವುದಿಲ್ಲ. ಗೋಡೆಯ ಮೂರ್ತಿಯ ಬೆನ್ನು ಗೋಡೆಯೊಳಗೇ ಇರುತ್ತದೆ. ಮದನಿಕೆಯರು ಸೂರಿನ ಕೆಳಗೆ ಓರೆಯಾಗಿ ಕೂತಿರುತ್ತಾರೆ, ಅವರ ಹಿಂಬದಿ ಯಾರಿಗೂ ಕಾಣುವುದಿಲ್ಲ. ಗಾರೆ ಇಲ್ಲದೆ, ಗೂಟ ತೂತು ಕೂಡಿಸಿ ಕಟ್ಟಿದ ಕಟ್ಟಡ ಅದು. ಎಲ್ಲವೂ ಕೂಡಿಕೊಂಡಿರುವ ತನಕ ಕೂಡಿಸಿದ್ದು ಹೇಗೆ ಅಂತ ತಿಳಿಯುವುದಿಲ್ಲ. ಮ್ಯೂಸಿಯಂಗೆ ಬಂದ ಕಲ್ಲು ಗೋಡೆಯಿಂದ ಬಿಡಿಯಾಗಿದೆ. ಅದರ ಸುತ್ತ ಬರಬಹುದು. ದೇವಸ್ಥಾನ ನನಗೆ ಮುಗಿದ ಕೆಲಸ ತೋರಿಸಿತ್ತು, ಮ್ಯೂಸಿಯಂ ಕೆಲಸ ನಡೆಯುತ್ತಿರುವುದನ್ನು ತೋರಿಸಿತು.

ಲಿನೋ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಚಿತ್ರ ಬೇಡದ ಜಾಗವನ್ನು ಉಳಿಯಿಂದ ತೆಗೆದುಹಾಕುತ್ತೇವೆ. ಆದರೂ ಉಳಿಯ ಎರಡು ಸಾಲಿನ ನಡುವೆ ಸಣ್ಣ ದಿಬ್ಬ ಉಳಿದುಬಿಡುತ್ತದೆ. ರೋಲರ್ ಉರುಳಿಸಿದಾಗ ಅದಕ್ಕೂ ಇಂಕು ತಾಗಿ, ಬಿಳಿ ಇರಬೇಕಾದ ಕಡೆ ಗೀರು ಗೀರು ಬರುತ್ತದೆ. ಕಲಿಯುವಾಗ ಅದನ್ನು ಕೊಳೆ ಅಂತಲೇ ಹೇಳಿಕೊಟ್ಟಿದ್ದರು. ನಾಲ್ಕು ವರ್ಷ ನಾನು ಆ ದಿಬ್ಬಗಳನ್ನು ಹುಡುಕಿ ಹುಡುಕಿ ಕೆರೆದಿದ್ದೆ. ಹಳೇಬೀಡಿನಿಂದ ಬಂದ ರಾತ್ರಿ ಹೊಸ ಹಾಳೆ ತೆಗೆದು, ಮೂರ್ತಿಯ ಮೈಯನ್ನು ಪೂರ್ತಿ ಖಾಲಿ ಬಿಟ್ಟು, ಸುತ್ತಲಿನ ಗೀರುಗಳನ್ನೇ ಚಿತ್ರ ಮಾಡಿದೆ. ಚಮಚದ ಬೆನ್ನಿನಿಂದ ಉಜ್ಜಿ ಕಾಗದ ಎತ್ತಿದಾಗ ಕೈ ನಡುಗಿತು. ಅದು ನನ್ನ ಮೊದಲ ಅಚ್ಚು ಅಂತ ಈಗಲೂ ಅಂದುಕೊಳ್ಳುತ್ತೇನೆ.

ಕಲ್ಲಿನ ಬಗ್ಗೆಯೂ ಆಮೇಲೆ ತಿಳಿದುಕೊಂಡೆ. ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ನೆಲದಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಉಗುರಿನ ಗಾತ್ರದ ಮಣಿಗಳ ಸಾಲು ಬಿಡಿಸಲು ಆಗಿದ್ದು ಅದರಿಂದಲೇ. ನಮ್ಮ ಲಿನೋ ಕೂಡ ಡಿಸೆಂಬರ್ ಚಳಿಗೆ ಬಿರುಸಾಗಿ ಉಳಿ ಜಾರುತ್ತದೆ. ಅಂಗಳದ ಬಿಸಿಲಲ್ಲಿ ಹತ್ತು ನಿಮಿಷ ಇಟ್ಟರೆ ಬೆಣ್ಣೆಯ ಹಾಗೆ ಬರುತ್ತದೆ. ಬಿಸಿಲಲ್ಲಿ ಹಾಳೆ ಇಟ್ಟು ಕಾಯುವಾಗೆಲ್ಲ, ಕಲ್ಲು ಗಟ್ಟಿಯಾಗುವ ಮೊದಲು ಮುಗಿಸಬೇಕು ಅಂತ ಕೂತ ರೂವಾರಿ, ಅಂದರೆ ಆ ಕಾಲದ ಶಿಲ್ಪಿ, ನೆನಪಾಗುತ್ತಾನೆ.

ಈಗ ನಾನು ಹೋಗುವ ರೀತಿ ಬೇರೆ. ಶುಕ್ರವಾರ ಮ್ಯೂಸಿಯಂಗೆ ರಜೆ, ಹಾಗಾಗಿ ವಾರದ ನಡುವೆ ಬೆಳಗಿನ ಬಸ್ಸು ಹಿಡಿಯುತ್ತೇನೆ. ಒಂದು ದಿನಕ್ಕೆ ಒಂದೇ ಕಲ್ಲು. ಬರೀ ಪೆನ್ಸಿಲ್, ಪುಸ್ತಕ, ಕೂರಲು ಒಂದು ಚೀಲ. ಕಲ್ಲು ಮುಟ್ಟುವುದಿಲ್ಲ, ಕಾಗದ ಇಟ್ಟು ಉಜ್ಜುವುದಂತೂ ಇಲ್ಲವೇ ಇಲ್ಲ. ಮೊದಲ ಒಂದು ಗಂಟೆ ಫೋನ್ ಹೊರಗೆ ತೆಗೆಯುವುದಿಲ್ಲ. ಫೋಟೋ ಸಿಕ್ಕಿತು ಅಂದ ಕೂಡಲೇ ಕಣ್ಣು ಸೋಮಾರಿ ಆಗುತ್ತದೆ, ಇದು ನನಗೆ ಖಂಡಿತ ಗೊತ್ತು. ಮೊದಲು ಹಿಂಬದಿ ಬರೆಯುತ್ತೇನೆ, ಆಮೇಲೆ ಪಕ್ಕ, ಕೊನೆಗೆ ಮುಂದೆ. ಎಷ್ಟೋ ಸಲ ಮುಂದಿನದ್ದು ಬೇಕಾಗುವುದೇ ಇಲ್ಲ. ಬರೆದಿದ್ದನ್ನು ಮನೆಯಲ್ಲಿ ಎರಡು ವಾರ ಮುಚ್ಚಿಡುತ್ತೇನೆ. ಆಮೇಲೂ ತಲೆಯಲ್ಲಿ ಏನು ಉಳಿದಿದೆಯೋ ಅದನ್ನಷ್ಟೇ ಕೆತ್ತುತ್ತೇನೆ.

ಹೀಗೆ ಹುಟ್ಟಿದ್ದು ಕೈಗಳ ಸರಣಿ. ಮೂರ್ತಿಯ ಮೈಮೇಲೆ ಬೆರಳು ಮಾತ್ರ ಉಳಿದಿರುತ್ತದೆ, ತೋಳು ಹೋಗಿರುತ್ತದೆ. ಸೊಂಟದ ಮೇಲೆ ನಾಲ್ಕು ಬೆರಳು, ಯಾರದ್ದು ಗೊತ್ತಿಲ್ಲ. ಅಂಥ ಹದಿನಾಲ್ಕು ಕೈ ಮಾಡಿದ್ದೇನೆ. ನಮ್ಮ ಬೀದಿಯ ಹೂ ಕಟ್ಟುವ ಅಜ್ಜಿಯ ಬೆರಳು, ಆಲೂಗೆಡ್ಡೆ ಆರಿಸುವ ಹೆಂಗಸರ ಬೆರಳು ಅದರೊಳಗೆ ಬಂದು ಸೇರಿದವು. ನಾನು ಕರೆದಿರಲಿಲ್ಲ.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಹೊಯ್ಸಳ ರೂವಾರಿಗಳು ಮೂರ್ತಿಯ ಕೆಳಗೆ ಹೆಸರು ಬರೆದಿದ್ದಾರೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಒಂದು ಕಡೆ ಪೂರ್ತಿ ಹೆಸರು, ಒಂದು ಕಡೆ 'ಮಲ್ಲಿ', ಇನ್ನೊಂದು ಕಡೆ ಬರೀ 'ಮ' ಅಂತ ಬಿಟ್ಟಿದ್ದಾನೆ. ಆ 'ಮ' ನೋಡಿ ಕಣ್ಣು ತುಂಬಿತ್ತು. ಅದನ್ನೇ ದೊಡ್ಡದಾಗಿ ಕೆತ್ತಿದೆ, ತಿರುಗಿಸಿ ಕೆತ್ತುವುದನ್ನು ಮರೆತೆ. ಅಚ್ಚಿನಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬಂತು. ಮೂರು ವಾರದ ಕೆಲಸ ಹೋಯಿತು ಅಂತ ಅತ್ತೆ. ಆಮೇಲೆ ಮತ್ತೆ ನೋಡಿದೆ. ಅಕ್ಷರವನ್ನು ಕಲ್ಲಿನ ಒಳಗಡೆ ನಿಂತು ನೋಡಿದರೆ ಹೀಗೇ ಕಾಣುತ್ತದೆ ಅಲ್ವಾ? ಆ ಅಚ್ಚನ್ನು ಇಟ್ಟುಕೊಂಡೆ.

ಬೇರೆಯವರು ಮ್ಯೂಸಿಯಂ ಜೊತೆ ಹೇಗೆ ಕೆಲಸ ಮಾಡಿದ್ದಾರೆ ಅಂತ ಹುಡುಕಿದ್ದು ಇದೆಲ್ಲ ಆದ ಮೇಲೆ. ಅಮೆರಿಕದ ಕಲಾವಿದ ಫ್ರೆಡ್ ವಿಲ್ಸನ್ 1992ರಲ್ಲಿ ಬಾಲ್ಟಿಮೋರ್‌ನ ಒಂದು ಮ್ಯೂಸಿಯಂನಲ್ಲಿ ಹೊಸದಾಗಿ ಏನನ್ನೂ ಕೆತ್ತಲಿಲ್ಲ. ಅಲ್ಲಿದ್ದ ಚೆಂದದ ಬೆಳ್ಳಿ ಪಾತ್ರೆಗಳ ನಡುವೆ ಗುಲಾಮರಿಗೆ ಹಾಕುತ್ತಿದ್ದ ಕಬ್ಬಿಣದ ಬೇಡಿ ಇಟ್ಟರು. ಎರಡಕ್ಕೂ ಸೇರಿಸಿ 'ಲೋಹದ ಕೆಲಸ' ಅಂತ ಒಂದೇ ಚೀಟಿ. ಅದನ್ನು ಓದಿದಾಗ ಮೈ ಜುಮ್ಮೆಂದಿತು. ಅವರೂ ಹಿಂಬದಿಯನ್ನೇ ಮುಂದೆ ತಂದಿದ್ದಾರೆ. ನಮ್ಮ ಕರಾವಳಿ ಕಡೆಯ ಕಲಾವಿದ ಎಲ್. ಎನ್. ತಲ್ಲೂರ್ ಮೈಸೂರಿನಲ್ಲಿ ಚಿತ್ರಕಲೆ ಕಲಿತು, ಬರೋಡಾದಲ್ಲಿ ಮ್ಯೂಸಿಯಂ ಶಾಸ್ತ್ರವನ್ನೇ ಓದಿದವರು. ಜುನಾಗಢದ ಮ್ಯೂಸಿಯಂನ ಹಳೆಯ ರತ್ನಗಂಬಳಿಯನ್ನು ಬಡಿದು ಧೂಳು ಕೊಡವುವುದನ್ನು ಅವರು ನಿಧಾನಗತಿಯ ವಿಡಿಯೋ ಮಾಡಿದ್ದಾರೆ. ಗಂಬಳಿಯಷ್ಟೇ ಧೂಳೂ ಅಲ್ಲಿ ನೋಡುವ ವಸ್ತು.

ಹೋದ ತಿಂಗಳು ಕೈಗಳ ಎರಡು ಅಚ್ಚನ್ನು ಹಳೇಬೀಡಿಗೆ ತೆಗೆದುಕೊಂಡು ಹೋಗಿದ್ದೆ. ಅಲ್ಲಿನ ಕಾವಲಿನ ಅಣ್ಣ ನನ್ನನ್ನು ವರ್ಷಗಳಿಂದ ನೋಡುತ್ತಾ ಬಂದಿದ್ದಾರೆ. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು, "ಇದ್ಯಾವ್ದು ಮೇಡಂ, ನಮ್ದಾ?" ಅಂತ ಕೇಳಿದರು. ತೋರಿಸಿದೆ. ಅವರು ಕಲ್ಲಿನ ಹಿಂದೆ ಹೋಗಿ ಬಗ್ಗಿ ನೋಡಿದರು, ಮತ್ತೆ ಕಾಗದ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು, "ಆ ಮೂಲೇಲಿ ಇನ್ನೊಂದಿದೆ, ಬನ್ನಿ. ಅದರ ಬೆನ್ನಲ್ಲಿ ಒಂದು ಗುಣಿ ಇದೆ. ಯಾಕೆ ಮಾಡವ್ರೋ ಗೊತ್ತಿಲ್ಲ, ಬೆಳಗ್ಗೆ ಬಿಸಿಲು ಒಳಗೆ ಬೀಳುತ್ತೆ" ಅಂದರು.

ಅಂದು ಮೋಡ ಇತ್ತು. ಬರುವ ಬುಧವಾರ ಮೊದಲ ಬಸ್ಸಿಗೆ ಹೋಗುತ್ತೇನೆ.